ಹುಲ್ಲಿನೊಳಗೆ ಬದುಕುವ ಶಿಲೀಂಧ್ರಗಳು

(ತುಮಕೂರಿನಲ್ಲಿ ಕೃಷಿಕರು, ಶಿಕ್ಷಕರು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಸಭಿಕರೆಲ್ಲರಿಗೂ ನಮಸ್ಕಾರ.

ನಮ್ಮ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ ಸುಮಾರು 798 ಎಕರೆ ವಿಸ್ತಾರದ ಹುಲ್ಲುಗಾವಲೊಂದಿದೆ. 2007ರಲ್ಲಿ ಅದನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿಗೆ ಹೋದವರು ಮೃಗವನ್ನು ನೋಡುತ್ತಾರೆ, ಹಕ್ಕಿಗಳನ್ನು ನೋಡುತ್ತಾರೆ. ಹುಲ್ಲನ್ನು ನೋಡುವವರು ಕಡಿಮೆ. ತಿಪಟೂರಿನ ಕಡೆಯ ಅಮೃತಮಹಲ್ ಕಾವಲುಗಳ ವಿಷಯದಲ್ಲಿಯೂ ಹೀಗೆಯೇ: ದನದ ತಳಿಯ ಬಗ್ಗೆ ಬೇಕಾದಷ್ಟು ಬರಹಗಳಿವೆ, ಆ ದನವನ್ನು ಸಾಕಿದ ಹುಲ್ಲಿನ ಬಗ್ಗೆ ಅಷ್ಟಿಲ್ಲ. ನಾನು ಇವತ್ತು ಮಾತನಾಡಲು ಹೊರಟಿರುವುದು ಹುಲ್ಲಿಗಿಂತಲೂ ಒಂದು ಹೆಜ್ಜೆ ಒಳಗಿರುವ ಜೀವಿಯ ಬಗ್ಗೆ. ಮೇಲೆ ನೋಡಿದರೆ ಯಾವ ಚುಕ್ಕೆಯಾಗಲಿ, ಬೂಷ್ಟಾಗಲಿ, ಬಾಡಿದ ಗುರುತಾಗಲಿ ಇಲ್ಲದ, ಸಂಪೂರ್ಣ ಆರೋಗ್ಯವಾಗಿರುವ ಹುಲ್ಲಿನ ಬುಡವನ್ನು ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಜೀವಕೋಶಗಳ ಸಂದುಗಳಲ್ಲಿ ತೆಳ್ಳನೆಯ ಶಿಲೀಂಧ್ರದ ಎಳೆಗಳು ಕಾಣಬಹುದು. ಹೀಗೆ ಗಿಡದ ಒಳಗೇ ಇದ್ದು, ಬದುಕಿನ ಬಹುಭಾಗ ರೋಗಲಕ್ಷಣವನ್ನೇ ತೋರಿಸದ ಶಿಲೀಂಧ್ರಗಳನ್ನು ಎಂಡೋಫೈಟ್ ಎನ್ನುತ್ತಾರೆ. ಈ ಮಾತಿನಲ್ಲಿ ನಾನು ಅವುಗಳನ್ನು ಒಳವಾಸಿಗಳು ಎಂದೇ ಕರೆಯುತ್ತೇನೆ.

ಗಿಡದೊಳಗೆ ಶಿಲೀಂಧ್ರ ಇದೆ ಎಂದ ಕೂಡಲೇ ನಮಗೆ ರೋಗ ಎಂಬ ಯೋಚನೆ ಬರುತ್ತದೆ. ರಾಗಿಯ ಬೆಂಕಿರೋಗ, ನೆಲಗಡಲೆಯ ತುಕ್ಕುರೋಗ, ದಾಳಿಂಬೆಯ ಸೊರಗುರೋಗಗಳನ್ನು ಕಂಡವರಿಗೆ ಅದು ಸಹಜ. ಒಳವಾಸಿ ಶಿಲೀಂಧ್ರ ಮತ್ತು ರೋಗದ ಶಿಲೀಂಧ್ರ ಎರಡು ಬೇರೆ ಬೇರೆ ಕುಲಗಳಲ್ಲ ಎಂಬುದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಅನೇಕ ಸಲ ಅವು ಒಂದೇ ಕುಟುಂಬದ ಹತ್ತಿರದ ಬಂಧುಗಳು. ಕೆಲವು ಸಲ ಒಂದೇ ಶಿಲೀಂಧ್ರ ಒಂದು ಋತುವಿನಲ್ಲಿ ತೆಪ್ಪಗಿದ್ದು ಇನ್ನೊಂದು ಋತುವಿನಲ್ಲಿ ಬೆಳೆಯನ್ನೇ ತೆಗೆಯುತ್ತದೆ. ಹಾಗಾದರೆ ಯಾವುದು ಕಾಯುತ್ತದೆ, ಯಾವುದು ಕೊಲ್ಲುತ್ತದೆ ಎಂಬುದನ್ನು ನಿರ್ಧರಿಸುವುದು ಏನು? ನನ್ನ ತಿಳಿವಳಿಕೆಯಲ್ಲಿ ಇದಕ್ಕೆ ಬಹುಮಟ್ಟಿನ ಉತ್ತರ, ಆ ಶಿಲೀಂಧ್ರ ಮುಂದಿನ ತಲೆಮಾರಿನ ಹುಲ್ಲಿಗೆ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದರಲ್ಲಿದೆ. ಬೀಜದೊಳಗೆ ಕುಳಿತು ಹೋಗುವ ಶಿಲೀಂಧ್ರಕ್ಕೆ ಆ ಹುಲ್ಲು ಬದುಕಿ ಬೀಜ ಕಟ್ಟಲೇಬೇಕು. ಗಾಳಿ, ನೀರು, ಕೀಟಗಳ ಮೂಲಕ ಹೋಗುವುದಕ್ಕೆ ಹುಲ್ಲಿನ ಬೀಜ ಬೇಕಾಗಿಲ್ಲ. ಇವತ್ತಿನ ಮಾತನ್ನೆಲ್ಲ ಈ ಒಂದು ಎಳೆಯ ಮೇಲೆಯೇ ಹೇಳಲು ಪ್ರಯತ್ನಿಸುತ್ತೇನೆ.

ಒಳವಾಸಿಗಳಲ್ಲಿ ಅತ್ಯಂತ ಹೆಚ್ಚು ಅಧ್ಯಯನವಾಗಿರುವುದು ಎಪಿಕ್ಲೋಯೆ ಎಂಬ ಕುಲ. ಇದು ತಂಪು ಹವೆಯ ಹುಲ್ಲುಗಳಲ್ಲಿ, ಅಂದರೆ ಗೋಧಿ, ಬಾರ್ಲಿಗಳ ಬಳಗಕ್ಕೆ ಸೇರಿದ ಹುಲ್ಲುಗಳಲ್ಲಿ ವಾಸಿಸುತ್ತದೆ. ಎಲೆಯ ಒರೆ, ಕಾಂಡ, ಹೂಗೊಂಚಲು, ಬೀಜ, ಇವುಗಳಲ್ಲಿ ಇರುತ್ತದೆ. ಬೇರಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಜೀವಕೋಶದ ಗೋಡೆಯನ್ನು ಒಡೆದು ಒಳನುಗ್ಗುವುದಿಲ್ಲ. ಕೋಶಕೋಶಗಳ ನಡುವಿನ ಸಂದಿನಲ್ಲಿಯೇ ಇದ್ದು, ಅಲ್ಲಿ ಒಸರುವ ಸಕ್ಕರೆ ಮತ್ತಿತರ ಆಹಾರವನ್ನು ಹೀರಿಕೊಳ್ಳುತ್ತದೆ. ಇದರ ಬೆಳವಣಿಗೆಯ ಕ್ರಮವೇ ಒಂದು ಸೋಜಿಗ. ಶಿಲೀಂಧ್ರದ ಎಳೆ ಸಾಧಾರಣವಾಗಿ ತುದಿಯಲ್ಲಿ ಮಾತ್ರ ಬೆಳೆಯುತ್ತದೆ ಎಂದು ನಾವೆಲ್ಲ ಓದಿದ್ದೇವೆ. ಆದರೆ ಹುಲ್ಲಿನ ಎಲೆ ಬುಡದಲ್ಲಿ ಉದ್ದವಾಗುತ್ತದೆ; ಅಲ್ಲಿನ ಕೋಶಗಳು ಕೆಲವೇ ದಿನಗಳಲ್ಲಿ ಹಲವು ಪಟ್ಟು ಹಿಗ್ಗುತ್ತವೆ. ಆ ಕೋಶಗಳ ಗೋಡೆಗೆ ಅಂಟಿಕೊಂಡ ಎಳೆ ತುದಿಯಲ್ಲಿ ಮಾತ್ರ ಬೆಳೆಯುವಂತಿದ್ದರೆ ಅದು ಎಳೆದಾಟಕ್ಕೆ ಸಿಕ್ಕಿ ತುಂಡಾಗಬೇಕಾಗಿತ್ತು. ಹಾಗಾಗುವುದಿಲ್ಲ. ಎಪಿಕ್ಲೋಯೆಯ ಎಳೆ ತನ್ನ ಉದ್ದಕ್ಕೂ, ನಡುನಡುವೆ, ಹುಲ್ಲಿನ ಕೋಶ ಎಷ್ಟು ಹಿಗ್ಗುತ್ತದೆಯೋ ಅಷ್ಟೇ ತಾನೂ ಹಿಗ್ಗುತ್ತದೆ ಎಂದು ನ್ಯೂಜಿಲೆಂಡಿನ ಸಂಶೋಧಕರು 2008ರಲ್ಲಿ ತೋರಿಸಿದರು. ಎಲೆ ಬೆಳೆಯುವುದನ್ನು ನಿಲ್ಲಿಸಿದಾಗ ಎಳೆಯೂ ನಿಲ್ಲಿಸುತ್ತದೆ, ಆದರೆ ಸಾಯುವುದಿಲ್ಲ. ಜೀವಂತವಾಗಿ ತನ್ನ ರಾಸಾಯನಿಕ ಕೆಲಸವನ್ನು ಮುಂದುವರಿಸುತ್ತದೆ.

ಈ ಸಂಯಮ ಎಷ್ಟು ತೆಳುವಾದದ್ದು ಎಂಬುದಕ್ಕೆ ಇನ್ನೊಂದು ಪ್ರಯೋಗವಿದೆ. 2006ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ರೈಗ್ರಾಸ್ ಹುಲ್ಲಿನೊಳಗೆ ಬದುಕುವ ಎಪಿಕ್ಲೋಯೆ ಫೆಸ್ಟುಕೆ ಎಂಬ ಪ್ರಭೇದದಲ್ಲಿ ಒಂದೇ ಒಂದು ಜೀನನ್ನು ಕೆಡಿಸಲಾಯಿತು. ಕ್ರಿಯಾಶೀಲ ಆಮ್ಲಜನಕದ ರೂಪಗಳನ್ನು ತಯಾರಿಸುವ ಕಿಣ್ವದ ಜೀನ್ ಅದು. ಆ ಜೀನ್ ಕೆಟ್ಟ ಶಿಲೀಂಧ್ರ ಹುಲ್ಲಿನೊಳಗೆ ಅಡೆತಡೆಯಿಲ್ಲದೆ ಕವಲೊಡೆದು ಬೆಳೆಯಿತು. ಹುಲ್ಲು ಕುಳ್ಳಾಗಿ, ಬೇಗನೆ ಮುಪ್ಪಾಗಿ ಸತ್ತಿತು. ಅದುವರೆಗೆ ಆಸರೆಯಾಗಿದ್ದ ಜೀವಿ ಒಂದು ಜೀನಿನ ಬದಲಾವಣೆಯಿಂದ ರೋಗಕಾರಿಯಾಯಿತು. ಆದ್ದರಿಂದ ಇವುಗಳ ನಡುವಿನ ಸಂಬಂಧವನ್ನು ಸ್ನೇಹ ಎಂದು ಕರೆಯಲು ನನಗೆ ಸ್ವಲ್ಪ ಹಿಂಜರಿಕೆಯಿದೆ. ಒಂದೇ ಮನೆಯಲ್ಲಿ ಇರಬೇಕಾಗಿ ಬಂದ ಅತ್ತೆ ಸೊಸೆಯರ ಹೊಂದಾಣಿಕೆ ಎಂದರೆ ಹೆಚ್ಚು ಸರಿಯಾದೀತು.

ಒಳವಾಸಿ ಶಿಲೀಂಧ್ರದ ಆರ್ಥಿಕ ಮಹತ್ವವನ್ನು ಜಗತ್ತಿಗೆ ತೋರಿಸಿದ ಕಥೆ ಅಮೆರಿಕದ್ದು. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮೇವಿನ ಬೀಜ ತರಿಸಿ ಬಿತ್ತುವ ಯಾವ ಊರಿನವರಿಗಾದರೂ ಅದು ಸಂಬಂಧಿಸಿದ್ದು. 1931ರಲ್ಲಿ ಕೆಂಟಕಿ ವಿಶ್ವವಿದ್ಯಾಲಯದ ಫರ್ಗಸ್ ಎಂಬ ಬೆಳೆ ವಿಜ್ಞಾನಿ ಆ ರಾಜ್ಯದ ಮೆನಿಫೀ ಕೌಂಟಿಯ ರೈತನೊಬ್ಬನ ಗುಡ್ಡದ ಜಮೀನಿನಲ್ಲಿ ಒಂದು ಹುಲ್ಲನ್ನು ಕಂಡರು. ಬೇರೆ ಹುಲ್ಲುಗಳು ಒಣಗುವ ಕಾಲದಲ್ಲಿಯೂ ಅದು ಹಸಿರಾಗಿರುತ್ತಿತ್ತು, ಇಳಿಜಾರಿನ ಮಣ್ಣನ್ನು ಹಿಡಿದಿಟ್ಟಿತ್ತು. ಯುರೋಪಿನಿಂದ ಬಂದ ಟಾಲ್ ಫೆಸ್ಕ್ಯೂ ಎಂಬ ಜಾತಿಯ ಹುಲ್ಲು ಅದು. ಅದರ ಬೀಜವನ್ನು ತಂದು, ವರ್ಷಗಟ್ಟಲೆ ಪರೀಕ್ಷಿಸಿ, 1943ರಲ್ಲಿ ಕೆಂಟಕಿ 31 ಎಂಬ ಹೆಸರಿನಲ್ಲಿ ರೈತರಿಗೆ ಬಿಡುಗಡೆ ಮಾಡಲಾಯಿತು. ಬರಕ್ಕೆ ಜಗ್ಗದ, ಕೀಟಕ್ಕೆ ಬಗ್ಗದ, ಎಷ್ಟು ಮೇಯಿಸಿದರೂ ಮತ್ತೆ ಚಿಗುರುವ ಹುಲ್ಲೆಂದು ಅದು ಕೆಲವೇ ದಶಕಗಳಲ್ಲಿ ಅಮೆರಿಕದ ಪೂರ್ವ ಭಾಗದ ಕೋಟ್ಯಂತರ ಎಕರೆಗಳಿಗೆ ಹಬ್ಬಿತು.

ಆದರೆ ಅದನ್ನು ಮೇಯ್ದ ದನಗಳು ನೆಟ್ಟಗಿರಲಿಲ್ಲ. ಬೇಸಿಗೆಯಲ್ಲಿ ಅವು ಮೇವು ಬಿಟ್ಟು ನೆರಳಿನಲ್ಲಿಯೋ ಕೆಸರಿನ ಹೊಂಡದಲ್ಲಿಯೋ ನಿಂತಿರುತ್ತಿದ್ದವು, ಚಳಿಗಾಲದ ಒರಟು ಕೂದಲು ಉದುರುತ್ತಿರಲಿಲ್ಲ, ಮೈ ಹಿಡಿಯುತ್ತಿರಲಿಲ್ಲ, ಗಬ್ಬ ಕಟ್ಟುವುದು ಕಡಿಮೆಯಾಗಿತ್ತು, ಹಾಲು ಇಳಿದಿತ್ತು. ಚಳಿಗಾಲದಲ್ಲಿ ಕೆಲವು ದನಗಳ ಗೊರಸು, ಬಾಲದ ತುದಿ, ಕಿವಿಯ ಅಂಚುಗಳು ರಕ್ತವಿಲ್ಲದೆ ಕೊಳೆತು ಬೀಳುತ್ತಿದ್ದವು. ಗಬ್ಬದ ಕುದುರೆಗಳು ದಿನ ಮೀರಿದರೂ ಈಯುತ್ತಿರಲಿಲ್ಲ, ಈದರೆ ಕೆಚ್ಚಲಲ್ಲಿ ಹಾಲಿರುತ್ತಿರಲಿಲ್ಲ. ಹುಲ್ಲಿನ ಪೋಷಕಾಂಶಗಳನ್ನು ಪ್ರಯೋಗಾಲಯದಲ್ಲಿ ಅಳೆದರೆ ಪ್ರೋಟೀನು, ನಾರು, ಖನಿಜ ಎಲ್ಲವೂ ಸರಿಯಾಗಿಯೇ ಇದ್ದವು. ಕಾಗದದ ಮೇಲೆ ಒಳ್ಳೆಯ ಮೇವು, ಕೊಟ್ಟಿಗೆಯಲ್ಲಿ ವಿಷ. ಈ ಒಗಟು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಬಿಡಿಸದೆ ಉಳಿಯಿತು.

1977ರಲ್ಲಿ ಜಾರ್ಜಿಯಾದಲ್ಲಿದ್ದ ಚಾರ್ಲ್ಸ್ ಬೇಕನ್ ಮತ್ತು ಅವರ ಸಂಗಡಿಗರು, ದನಗಳಿಗೆ ಕಾಯಿಲೆ ತರುತ್ತಿದ್ದ ಹುಲ್ಲುಗಾವಲಿನ ಹುಲ್ಲನ್ನು, ದನಗಳು ಆರೋಗ್ಯವಾಗಿದ್ದ ಹುಲ್ಲುಗಾವಲಿನ ಅದೇ ಜಾತಿಯ ಹುಲ್ಲಿನೊಂದಿಗೆ ಹೋಲಿಸಿದರು. ಕಾಯಿಲೆ ತರುತ್ತಿದ್ದ ಹುಲ್ಲಿನ ಒಳಗೆಲ್ಲ ಶಿಲೀಂಧ್ರದ ಎಳೆಗಳಿದ್ದವು. ಇನ್ನೊಂದರಲ್ಲಿ ಕೆಲವೇ ಗಿಡಗಳಲ್ಲಿ ಅವಿದ್ದವು. ಇವತ್ತು ಆ ಶಿಲೀಂಧ್ರವನ್ನು ಎಪಿಕ್ಲೋಯೆ ಸೀನೋಫಿಯಾಲ ಎಂದು ಕರೆಯುತ್ತಾರೆ. ಅದು ತಯಾರಿಸುವ ಎರ್ಗೋವಲೀನ್ ಎಂಬ ಆಲ್ಕಲಾಯ್ಡ್ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಬೇಸಿಗೆಯಲ್ಲಿ ಮೈಯ ಶಾಖ ಚರ್ಮದ ಮೂಲಕ ಹೊರಹೋಗಲಾರದೆ ದನ ಬೇಯುತ್ತದೆ. ಚಳಿಗಾಲದಲ್ಲಿ ಕಾಲ ತುದಿಗೆ ರಕ್ತ ತಲುಪದೆ ಕೊಳೆಯುತ್ತದೆ. ಹಾಲಿಗೆ ಬೇಕಾದ ಪ್ರೊಲ್ಯಾಕ್ಟಿನ್ ಹಾರ್ಮೋನು ಇಳಿಯುತ್ತದೆ. ಎರಡು ಋತುಗಳ ಎರಡು ಬೇರೆ ಕಾಯಿಲೆಗಳೆಂದು ತೋರುತ್ತಿದ್ದವು ಒಂದೇ ಕಾರಣದವು.

ಕಾರಣ ತಿಳಿದ ಮೇಲೆ ಪರಿಹಾರ ಸುಲಭ ಎಂದು ಎಲ್ಲರೂ ಭಾವಿಸಿದರು. ಬೀಜದೊಳಗಿನ ಶಿಲೀಂಧ್ರ ಬೀಜಕ್ಕಿಂತ ಬೇಗ ಸಾಯುತ್ತದೆ. ಬೆಚ್ಚಗಿನ ಉಗ್ರಾಣದಲ್ಲಿ ಒಂದೆರಡು ವರ್ಷ ಇಟ್ಟ ಬೀಜ ಮೊಳೆಯುತ್ತದೆ, ಆದರೆ ಅದರಲ್ಲಿ ಜೀವಂತ ಶಿಲೀಂಧ್ರ ಇರುವುದಿಲ್ಲ. ಹೀಗೆ ಶಿಲೀಂಧ್ರವಿಲ್ಲದ ಬೀಜವನ್ನು 1980ರ ದಶಕದಲ್ಲಿ ರೈತರಿಗೆ ಮಾರಲಾಯಿತು. ದನಗಳು ಚೆನ್ನಾಗಿ ಮೈ ಹಿಡಿದವು. ಆದರೆ ಹುಲ್ಲೇ ಉಳಿಯಲಿಲ್ಲ. ಬರ ಬಂದಾಗ ಒಣಗಿತು, ಕೀಟ ಬಂದಾಗ ತಿನ್ನಿಸಿಕೊಂಡಿತು, ಹೆಚ್ಚು ಮೇಯಿಸಿದಲ್ಲಿ ಎರಡು ಮೂರು ವರ್ಷಗಳಲ್ಲಿ ತೆಳುವಾಗಿ ಮಾಯವಾಯಿತು. ಕೆಂಟಕಿಯ ಗುಡ್ಡದ ಮೇಲೆ 1931ರಲ್ಲಿ ಮೆಚ್ಚುಗೆ ಗಳಿಸಿದ ಗಟ್ಟಿತನದಲ್ಲಿ ದೊಡ್ಡ ಪಾಲು ಹುಲ್ಲಿನದಲ್ಲ, ಒಳಗಿದ್ದ ಶಿಲೀಂಧ್ರದ್ದು ಎಂಬುದು ಆಗ ಅರ್ಥವಾಯಿತು. ತಳಿ ಎಂದು ಆರಿಸಿದ್ದು ಒಂದು ಜೋಡಿಯನ್ನು.

ಇದೇ ವೇಳೆಗೆ ನ್ಯೂಜಿಲೆಂಡಿನಲ್ಲಿ ಕುರಿಗಳು ನಡುಗಿ ಬೀಳುವ ಕಾಯಿಲೆಯ ಗುಟ್ಟೂ ಬಿಚ್ಚಿಕೊಂಡಿತು. ಅಲ್ಲಿಯ ರೈಗ್ರಾಸ್ ಮೇಯ್ದ ಕುರಿಗಳು ನಾಯಿ ಬೊಗಳಿದರೆ ಸಾಕು, ತಲೆ ಅಲ್ಲಾಡಿಸುತ್ತ ಕಾಲು ಸೆಟೆದು ಬೀಳುತ್ತಿದ್ದವು. ತಮ್ಮಷ್ಟಕ್ಕೆ ಬಿಟ್ಟರೆ ಎದ್ದು ನಡೆಯುತ್ತಿದ್ದವು. ಇದಕ್ಕೂ ಒಳವಾಸಿ ಶಿಲೀಂಧ್ರಕ್ಕೂ ಇರುವ ನಂಟನ್ನು 1981ರಲ್ಲಿ ಗುರುತಿಸಲಾಯಿತು. ನಡುಕ ತರುವ ವಿಷವನ್ನು ಲೋಲಿಟ್ರೆಮ್ ಬಿ ಎಂದು ಹೆಸರಿಸಲಾಯಿತು. ಮರುವರ್ಷವೇ, ಅದೇ ಶಿಲೀಂಧ್ರವಿರುವ ಹುಲ್ಲನ್ನು ಅರ್ಜೆಂಟೀನಾ ಕಾಂಡಮೂತಿಹುಳು ಮುಟ್ಟುವುದಿಲ್ಲ ಎಂಬುದೂ ವರದಿಯಾಯಿತು. ಹುಳುವನ್ನು ಓಡಿಸುವುದು ಪೆರಮೀನ್ ಎಂಬ ಬೇರೆಯೇ ವಸ್ತು. ಇಲ್ಲಿಯೇ ವಿಜ್ಞಾನಿಗಳಿಗೆ ದಾರಿ ಸಿಕ್ಕಿತು: ಪೆರಮೀನ್ ತಯಾರಿಸುವ ಆದರೆ ಲೋಲಿಟ್ರೆಮ್ ತಯಾರಿಸದ ಶಿಲೀಂಧ್ರದ ತಳಿಯೊಂದು ಪ್ರಕೃತಿಯಲ್ಲಿ ಎಲ್ಲಿಯಾದರೂ ಇರಬೇಕು. ಹುಡುಕಿದರು, ಸಿಕ್ಕಿತು, ಅದನ್ನು ಹುಲ್ಲಿನ ಮೊಳಕೆಯೊಳಗೆ ಸೇರಿಸಿ ಎಆರ್1 ಎಂಬ ಹೆಸರಿನಲ್ಲಿ ಬಳಕೆಗೆ ತಂದರು. ಅಮೆರಿಕದ ಫೆಸ್ಕ್ಯೂ ಹುಲ್ಲಿಗೂ ಹೀಗೆಯೇ ದನಕ್ಕೆ ಅಪಾಯವಿಲ್ಲದ ಶಿಲೀಂಧ್ರ ತಳಿಗಳನ್ನು ಹುಡುಕಿ ಕೂಡಿಸಲಾಗಿದೆ. ಇನ್ನೊಂದು ವಿನೋದದ ಸಂಗತಿಯೆಂದರೆ, ಹಕ್ಕಿಗಳಿಗೆ ಒಗ್ಗದ ಶಿಲೀಂಧ್ರವಿರುವ ಹುಲ್ಲನ್ನು ಬೇಕೆಂದೇ ವಿಮಾನ ನಿಲ್ದಾಣಗಳ ಸುತ್ತ ಬೆಳೆಸುವ ಕೆಲಸವೂ ನ್ಯೂಜಿಲೆಂಡಿನಲ್ಲಿ ನಡೆದಿದೆ. ಒಂದು ಕಡೆಯ ದೋಷ ಇನ್ನೊಂದು ಕಡೆ ಗುಣ.

ಈಗ ದಾರಿಯ ವಿಷಯಕ್ಕೆ ಬರುತ್ತೇನೆ. ಫೆಸ್ಕ್ಯೂ ಹುಲ್ಲಿನ ಶಿಲೀಂಧ್ರ ಹೊರಗೆ ಬರುವುದೇ ಇಲ್ಲ. ತಾಯಿ ಹುಲ್ಲು ಹೂಬಿಟ್ಟಾಗ ಅಂಡಾಶಯದೊಳಗೆ ಹೋಗಿ, ಬೀಜದಲ್ಲಿ ಕುಳಿತು, ಮೊಳಕೆಯೊಡನೆ ಮೇಲೇಳುತ್ತದೆ. ಅದಕ್ಕೆ ಬೇರೆ ಗತಿಯಿಲ್ಲ. ಅದರ ಬಂಧುವಾದ ಎಪಿಕ್ಲೋಯೆ ಟೈಫಿನ ಹಾಗಲ್ಲ. ಅದು ಹುಲ್ಲಿನೊಳಗೆ ತೆಪ್ಪಗೆ ಬೆಳೆದು, ತೆನೆ ಹೊರಬರುವ ಹೊತ್ತಿಗೆ ಸರಿಯಾಗಿ ಕಾಂಡದ ಸುತ್ತ ಬಿಳಿಯ ಒರೆಯಂತೆ ಹೊರಚಾಚಿ, ತೆನೆಯನ್ನು ಒಳಗೇ ಕಟ್ಟಿಹಾಕಿಬಿಡುತ್ತದೆ. ಆ ಹುಲ್ಲಿಗೆ ಬೀಜವಿಲ್ಲ. ಆ ಬಿಳಿಯ ಒರೆಯ ಮೇಲೆ ಬೊಟಾನೊಫಿಲ ಎಂಬ ಜಾತಿಯ ನೊಣಗಳು ಕುಳಿತು, ಒಂದು ಶಿಲೀಂಧ್ರದ ಬೀಜಕಗಳನ್ನು ಇನ್ನೊಂದಕ್ಕೆ ಮುಟ್ಟಿಸುತ್ತವೆ, ಅಲ್ಲಿಯೇ ಮೊಟ್ಟೆಯಿಡುತ್ತವೆ. ಮರಿಹುಳುಗಳು ಅದೇ ಶಿಲೀಂಧ್ರವನ್ನು ತಿಂದು ಬೆಳೆಯುತ್ತವೆ. ಹುಲ್ಲಿಗೆ ಹೂವಿನ ಭಾಗ್ಯ ತಪ್ಪಿಸಿದ ಶಿಲೀಂಧ್ರಕ್ಕೆ ತನ್ನದೇ ಪರಾಗಸ್ಪರ್ಶದಂಥ ವ್ಯವಸ್ಥೆ! ನಡುವೆ ನಿಂತ ಪ್ರಭೇದಗಳೂ ಇವೆ: ಒಂದೇ ಗಿಡದ ಕೆಲವು ತೆನೆಗಳನ್ನು ಕಟ್ಟಿಹಾಕಿ, ಉಳಿದವನ್ನು ಬೀಜ ಕಟ್ಟಲು ಬಿಡುತ್ತವೆ, ಎರಡೂ ದಾರಿಗಳಲ್ಲಿ ಹೋಗುತ್ತವೆ.

ಬೀಜದ ದಾರಿ ಹಿಡಿದ ಶಿಲೀಂಧ್ರ ಹುಲ್ಲಿಗೆ ರಕ್ಷಕ ಎಂಬ ವಾದವನ್ನು 1988ರಲ್ಲಿ ಕೀತ್ ಕ್ಲೇ ಎಂಬ ಪರಿಸರ ವಿಜ್ಞಾನಿ ಸ್ಪಷ್ಟವಾಗಿ ಮಂಡಿಸಿದರು. ಆದರೆ ಅದನ್ನು ಎಲ್ಲ ಕಡೆಗೂ ಹಚ್ಚಬಾರದು. ಮಣ್ಣಿನಲ್ಲಿ ಸಾರವಿಲ್ಲದ ಕಡೆ, ಮೇಯುವ ಕೀಟ ಪ್ರಾಣಿಗಳು ಕಡಿಮೆಯಿರುವ ಕಡೆ, ಶಿಲೀಂಧ್ರಕ್ಕೆ ಕೊಡುವ ಸಕ್ಕರೆ ಹುಲ್ಲಿಗೆ ನಷ್ಟವೇ ಆಗಬಹುದು. ಅಮೆರಿಕದ ಅರಿಜೋನಾದ ಕಾಡುಹುಲ್ಲಿನ ಮೇಲೆ ಸ್ಟ್ಯಾನ್ಲಿ ಫೇತ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳಲ್ಲಿ, ಬೀಜದಲ್ಲಿಯೇ ಹೋಗುವ ಶಿಲೀಂಧ್ರವಿದ್ದರೂ ಹುಲ್ಲಿಗೆ ಹೇಳಿಕೊಳ್ಳುವ ಲಾಭ ಅನೇಕ ಸಲ ಕಾಣಲಿಲ್ಲ. ನಮಗೆ ಚೆನ್ನಾಗಿ ತಿಳಿದಿರುವುದು ಮನುಷ್ಯ ಆರಿಸಿ, ಗೊಬ್ಬರ ಹಾಕಿ ಬೆಳೆಸಿದ ಎರಡು ಮೂರು ಹುಲ್ಲುಗಳು. ಅವುಗಳಿಂದ ಜಗತ್ತಿನ ಸಾವಿರಾರು ಹುಲ್ಲುಗಳ ಬಗ್ಗೆ ತೀರ್ಮಾನಕ್ಕೆ ಬರುವುದು ಅವಸರ ಎಂದು ನನಗೂ ಅನ್ನಿಸುತ್ತದೆ. ದಾರಿ ಮುಖ್ಯ, ಆದರೆ ದಾರಿಯೊಂದೇ ಎಲ್ಲವನ್ನೂ ಹೇಳುವುದಿಲ್ಲ.

ಇಷ್ಟೂ ಹೊತ್ತು ತಂಪು ದೇಶಗಳ ಮಾತಾಯಿತು. ತುಮಕೂರಿನ ಬಯಲಿನಲ್ಲಿ ಬೆಳೆಯುವ ಗರಿಕೆ, ಬಾದೆ ಹುಲ್ಲು, ಹಂಚಿಕಡ್ಡಿ, ನಮ್ಮ ರಾಗಿ, ಜೋಳ, ಸಜ್ಜೆ, ಸಾಮೆ, ನವಣೆ, ಹಾರಕಗಳೆಲ್ಲ ಬಿಸಿಲು ನಾಡಿನ ಹುಲ್ಲುಗಳು. ಎಪಿಕ್ಲೋಯೆ ಇವುಗಳ ವಾಸಿಯಲ್ಲ. ಆದರೆ ಅದೇ ಕುಟುಂಬದ ಬಾಲನ್ಸಿಯ ಎಂಬ ಕುಲ ಬಿಸಿಲು ನಾಡಿನ ಹುಲ್ಲುಗಳಲ್ಲಿದೆ. ಅದರ ಒಂದು ಪ್ರಭೇದವನ್ನು ಕರ್ನಾಟಕದ ಭತ್ತದ ರೈತರು ಬಹಳ ಹಿಂದಿನಿಂದ ಬಲ್ಲರು. ಮಲೆನಾಡು, ಕೊಡಗಿನ ಗದ್ದೆಗಳಲ್ಲಿ ಕಾಣುವ ಊದುಬತ್ತಿ ರೋಗ ಅದರದ್ದೇ ಕೆಲಸ. ಪೈರು ತೆಂಡೆಯೊಡೆದು ಬೆಳೆಯುವವರೆಗೂ ಗದ್ದೆಯಲ್ಲಿ ಕಣ್ಣಿಗೆ ಬೀಳುವಂಥ ಗುರುತಿರುವುದಿಲ್ಲ. ತೆನೆ ಹೊರಬರುವಾಗ ಮಾತ್ರ ಅದರ ಕವಲುಗಳೆಲ್ಲ ಬಿಳಿಯ ಶಿಲೀಂಧ್ರದಿಂದ ಒಂದಕ್ಕೊಂದು ಅಂಟಿಕೊಂಡು, ಒಂದೇ ನೆಟ್ಟನೆಯ ಕಡ್ಡಿಯಾಗಿ ಮೇಲೇಳುತ್ತವೆ. ಆಮೇಲೆ ಅದು ಗಟ್ಟಿಯಾಗಿ ಮೇಲೆಲ್ಲ ಕಪ್ಪು ಚುಕ್ಕೆಗಳೇಳುತ್ತವೆ. ಒಂದು ಕಾಳೂ ಇರುವುದಿಲ್ಲ. ಈ ಶಿಲೀಂಧ್ರಕ್ಕೆ 1914ರಲ್ಲಿ ಎಫೆಲಿಸ್ ಒರೈಝೆ ಎಂಬ ಹೆಸರಿಡಲಾಯಿತು. ಕನ್ನಡದ ಹೆಸರು ಇಂಗ್ಲಿಷ್ ಪಠ್ಯಪುಸ್ತಕಗಳಲ್ಲಿಯೂ ಹಾಗೆಯೇ ಉಳಿದಿದೆ. ಬೀಜದ ಮೂಲಕವೂ ಇದು ಹರಡುವುದರಿಂದ, ಬಿತ್ತನೆ ಭತ್ತವನ್ನು 54 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 10 ನಿಮಿಷ ಅದ್ದಿ ತೆಗೆಯುವುದು ಹಳೆಯ ಶಿಫಾರಸು. ಊದುಬತ್ತಿ ರೋಗದ ಗದ್ದೆಯನ್ನು ನೋಡಿದವರಿಗೆ, ಟೈಫಿನ ಕಥೆಯನ್ನು ನಾನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಎರಡರ ನಡೆಯೂ ಒಂದೇ: ಬೆಳೆಯುವವರೆಗೆ ಮೌನ, ತೆನೆಯ ಹೊತ್ತಿಗೆ ಬಂಧನ.

ಇದೇ ಕುಟುಂಬದ ಮತ್ತೊಬ್ಬ ಸದಸ್ಯ ಎರ್ಗಾಟ್, ಸಜ್ಜೆಯ ಹೂವಿಗೆ ಹತ್ತಿ ಜೇನಿನಂಥ ಅಂಟು ಒಸರಿಸುತ್ತದೆ. ಆಮೇಲೆ ಕಾಳಿನ ಜಾಗದಲ್ಲಿ ಕಪ್ಪು ಗಡ್ಡೆಗಳಾಗುತ್ತವೆ. 1975ರಲ್ಲಿ ರಾಜಸ್ಥಾನದ ಕೆಲವು ಹಳ್ಳಿಗಳಲ್ಲಿ ಇಂಥ ಸಜ್ಜೆ ತಿಂದವರಿಗೆ ವಾಂತಿ, ತಲೆಸುತ್ತು, ವಿಪರೀತ ನಿದ್ದೆ ಬಂದದ್ದು ದಾಖಲಾಗಿದೆ. ಉಪ್ಪುನೀರಿಗೆ ಹಾಕಿದರೆ ಗಡ್ಡೆಗಳು ತೇಲುತ್ತವೆ, ಗಟ್ಟಿ ಕಾಳು ಮುಳುಗುತ್ತದೆ. ಹಾರಕದ ಅನ್ನ ಕೆಲವೊಮ್ಮೆ ಅಮಲು ತರುತ್ತದೆ ಎಂಬ ಮಾತನ್ನೂ ನೀವು ಕೇಳಿರಬಹುದು. ಅದಕ್ಕೆ ಕಾರಣ ಸೈಕ್ಲೋಪಿಯಾಜೋನಿಕ್ ಆಮ್ಲ ಎಂದು 1985ರಲ್ಲಿ ಭಾರತೀಯ ಸಂಶೋಧಕರು ಗುರುತಿಸಿದರು; ಅದನ್ನು ತಯಾರಿಸುವುದು ಕಾಳಿನ ಮೇಲೆ ಬೆಳೆಯುವ ಬೂಷ್ಟುಗಳು. ಇವೆರಡೂ ಗಿಡದೊಳಗೆ ಬಾಳು ಪೂರ್ತಿ ವಾಸಿಸುವವಲ್ಲವಾದ್ದರಿಂದ ಇಷ್ಟಕ್ಕೇ ಬಿಡುತ್ತೇನೆ.

ಬೀಜದಲ್ಲಿ ಹೋಗದೆ, ಮಣ್ಣಿನಿಂದ ಅಥವಾ ಗಾಳಿಯಿಂದ ಪ್ರತಿ ತಲೆಮಾರಿನಲ್ಲಿಯೂ ಹೊಸದಾಗಿ ಒಳಸೇರುವ ಒಳವಾಸಿಗಳೂ ಇವೆ. ಸಂಖ್ಯೆಯಲ್ಲಿ ಇವೇ ಹೆಚ್ಚು. ನಮ್ಮಂಥ ಒಣನಾಡಿಗೆ ಇವುಗಳಲ್ಲಿ ಅತ್ಯಂತ ಕುತೂಹಲಕರವಾದದ್ದು ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಬಿಸಿನೀರಿನ ಬುಗ್ಗೆಗಳ ಸುತ್ತ ಬೆಳೆಯುವ ಡೈಕಾಂತೀಲಿಯಂ ಎಂಬ ಹುಲ್ಲಿನೊಳಗಿನ ಕರ್ವುಲೇರಿಯ. ಹುಲ್ಲು ಮತ್ತು ಶಿಲೀಂಧ್ರ ಕೂಡಿದ್ದಾಗ 65 ಡಿಗ್ರಿ ಬಿಸಿಯ ಮಣ್ಣಿನಲ್ಲಿಯೂ ತಡೆದುಕೊಳ್ಳುತ್ತವೆ. ಬೇರೆ ಮಾಡಿದರೆ ಎರಡೂ ಸುಮಾರು 40 ಡಿಗ್ರಿ ದಾಟಿದ ಮೇಲೆ ಬೆಳೆಯಲಾರವು. 2002ರಲ್ಲಿ ಪ್ರಕಟವಾದ ಈ ಸಂಗತಿಗೆ 2007ರಲ್ಲಿ ಇನ್ನೊಂದು ಪದರ ಸೇರಿತು. ಆ ಶಿಲೀಂಧ್ರದ ಒಳಗೆ ಒಂದು ವೈರಸ್ ಇದೆ. ವೈರಸ್ಸನ್ನು ತೆಗೆದುಹಾಕಿದ ಶಿಲೀಂಧ್ರ ಹುಲ್ಲಿಗೆ ಬಿಸಿ ತಡೆಯುವ ಶಕ್ತಿಯನ್ನು ಕೊಡಲಿಲ್ಲ, ಮತ್ತೆ ಸೇರಿಸಿದಾಗ ಕೊಟ್ಟಿತು. ಹುಲ್ಲಿನೊಳಗೆ ಶಿಲೀಂಧ್ರ, ಶಿಲೀಂಧ್ರದೊಳಗೆ ವೈರಸ್, ಮೂರೂ ಇದ್ದರೆ ಮಾತ್ರ ಬದುಕು. ಇಲ್ಲಿ ದಾರಿ ಬೀಜದ್ದಲ್ಲದಿದ್ದರೂ ಸಹಬಾಳ್ವೆ ಇಷ್ಟು ಗಟ್ಟಿಯಾಗಿರುವುದಕ್ಕೆ ಕಾರಣ, ಆ ಕುದಿಯುವ ನೆಲದಲ್ಲಿ ಯಾರಿಗೂ ಒಬ್ಬಂಟಿ ಬಾಳು ಸಾಧ್ಯವಿಲ್ಲದಿರುವುದು ಎಂದು ನನ್ನ ಊಹೆ.

ಪಾವಗಡ, ಶಿರಾ ಕಡೆಯವರಿಗೆ ಬಳ್ಳಾರಿ ಜಾಲಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಅದೇ ಗಿಡದ ಮತ್ತು ಕಾಡು ಬೋರೆಯ ಬೇರಿನ ಸುತ್ತಲಿನ ಮಣ್ಣಿನಿಂದ, ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ, ಅಜಿತ್ ವರ್ಮಾ ಮತ್ತು ಸಂಗಡಿಗರು ಒಂದು ಶಿಲೀಂಧ್ರವನ್ನು ಬೇರ್ಪಡಿಸಿ 1998ರಲ್ಲಿ ಪಿರಿಫಾರ್ಮೊಸ್ಪೊರ ಇಂಡಿಕ ಎಂದು ಹೆಸರಿಸಿದರು. ಈಗ ಅದು ಸೆರೆಂಡಿಪಿಟ ಇಂಡಿಕ. ಬಾರ್ಲಿಯ ಬೇರಿನೊಳಗೆ ಇದನ್ನು ಸೇರಿಸಿದಾಗ ಬಾರ್ಲಿ ಉಪ್ಪು ಮಣ್ಣನ್ನು ತಾಳಿಕೊಂಡಿತು, ಎಲೆಯ ರೋಗವನ್ನು ಎದುರಿಸಿತು, ಇಳುವರಿಯೂ ಹೆಚ್ಚಿತು ಎಂದು 2005ರಲ್ಲಿ ಜರ್ಮನಿಯ ಸಂಶೋಧಕರು ಪ್ರಕಟಿಸಿದರು. ನಮಗೆ ಇನ್ನೂ ಹತ್ತಿರದ ಕೆಲಸವೊಂದಿದೆ. ಕೇರಳದ ಉಪ್ಪುನೀರಿನ ಗದ್ದೆಗಳ ಪೊಕ್ಕಾಳಿ ಭತ್ತದೊಳಗಿನ ಫ್ಯುಸೇರಿಯಂ ಒಂದನ್ನು ಬೇರ್ಪಡಿಸಿ, ಉಪ್ಪು ತಡೆಯದ ಐಆರ್-64 ಭತ್ತಕ್ಕೆ ಸೇರಿಸಿದಾಗ ಅದಕ್ಕೂ ಉಪ್ಪು ತಾಳುವ ಶಕ್ತಿ ಬಂದದ್ದನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಹೋದ್ಯೋಗಿಗಳು 2020ರಲ್ಲಿ ವರದಿ ಮಾಡಿದ್ದಾರೆ. ಫ್ಯುಸೇರಿಯಂ ಎಂದರೆ ಟೊಮೆಟೊ, ಬಾಳೆ ಬೆಳೆಗಾರರಿಗೆ ಸೊರಗುರೋಗದ ಹೆಸರು. ಅದೇ ಕುಲದ ಇನ್ನೊಂದು ಸದಸ್ಯ ಇಲ್ಲಿ ಕಾಯುವ ಕೆಲಸ ಮಾಡಿತು. ಹೆಸರು ನೋಡಿ ತೀರ್ಪು ಕೊಡಬಾರದು ಎನ್ನುವುದು ಇದಕ್ಕೇ.

ರಾಗಿಯ ಬಗ್ಗೆ ಹೇಳದೆ ತುಮಕೂರಿನಲ್ಲಿ ಮಾತು ಮುಗಿಸುವಂತಿಲ್ಲ. ಕೆನಡಾದ ಗುವೆಲ್ಫ್ ವಿಶ್ವವಿದ್ಯಾಲಯದವರು ರಾಗಿ ಗಿಡದೊಳಗಿನಿಂದ ಫೋಮ ಜಾತಿಯ ಶಿಲೀಂಧ್ರವೊಂದನ್ನು ತೆಗೆದು, ಅದು ಫ್ಯುಸೇರಿಯಂ ರೋಗಕಾರಿಯನ್ನು ತಡೆಯುವ ವಸ್ತುಗಳನ್ನು ತಯಾರಿಸುತ್ತದೆ ಎಂದು 2015ರಲ್ಲಿ ತೋರಿಸಿದರು. ಮರುವರ್ಷ ಅದೇ ತಂಡ ರಾಗಿಯ ಬೇರಿನ ಒಳವಾಸಿ ಬ್ಯಾಕ್ಟೀರಿಯವೊಂದರ ಕೆಲಸವನ್ನು ಪ್ರಕಟಿಸಿತು. ರೋಗದ ಶಿಲೀಂಧ್ರ ಬೇರಿನ ಹತ್ತಿರ ಬಂದಾಗ ಆ ಬ್ಯಾಕ್ಟೀರಿಯ ಹೊರಬಂದು, ಬೇರುಗೂದಲುಗಳನ್ನು ಒತ್ತೊತ್ತಾಗಿ ಬೆಳೆಯಿಸಿ, ಅವುಗಳ ನಡುವೆ ಗುಂಪುಗೂಡಿ, ಬಂದ ಶಿಲೀಂಧ್ರವನ್ನು ಅಲ್ಲಿಯೇ ಸಿಕ್ಕಿಸಿ ಕೊಲ್ಲುತ್ತದೆ. ಈ ಕೆಲಸ ಕೆನಡಾದಲ್ಲಿ ನಡೆಯಿತು, ರಾಗಿ ನಮ್ಮ ಹೊಲದಲ್ಲಿದೆ. ನಮ್ಮ ಹಳೆಯ ನಾಟಿ ರಾಗಿ ತಳಿಗಳ ಒಳಗೆ ಏನಿದೆ ಎಂಬುದನ್ನು ಅವು ಕಣ್ಮರೆಯಾಗುವ ಮೊದಲು ನಮ್ಮ ಕಾಲೇಜುಗಳೇ ನೋಡಬೇಡವೇ?

ನೋಡುವುದು ಕಷ್ಟದ ಕೆಲಸವೇನಲ್ಲ. ಹುಲ್ಲಿನ ಬುಡದ ಎಲೆಯೊರೆಯ ಒಳಮೈಯಿಂದ ತೆಳುವಾದ ಸಿಪ್ಪೆಯನ್ನು ಚಿಮುಟದಿಂದ ಎಳೆದು, ಗಾಜಿನ ಮೇಲಿಟ್ಟು, ಅನಿಲಿನ್ ಬ್ಲೂ ಬಣ್ಣದ ಒಂದು ಹನಿ ಹಾಕಿ, 400 ಪಟ್ಟು ದೊಡ್ಡದಾಗಿ ನೋಡಿದರೆ ಎಳೆಗಳಿದ್ದಲ್ಲಿ ನೀಲಿಯಾಗಿ ಕಾಣುತ್ತವೆ. ಬೆಳೆಸಿ ನೋಡಬೇಕೆಂದರೆ, ಹುಲ್ಲಿನ ತುಂಡನ್ನು ಮೊದಲು 70 ಶೇಕಡಾ ಆಲ್ಕೋಹಾಲಿನಲ್ಲಿ, ಆಮೇಲೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ ಮೇಲ್ಮೈಯ ಬೂಷ್ಟನ್ನೆಲ್ಲ ಕೊಂದು, ಶುದ್ಧ ನೀರಿನಲ್ಲಿ ತೊಳೆದು, ಆಲೂಗಡ್ಡೆ ಅಗರಿನ ತಟ್ಟೆಯಲ್ಲಿಡಬೇಕು. ಒಂದು ಎಚ್ಚರಿಕೆ ಅಗತ್ಯ: ತೊಳೆದ ತುಂಡನ್ನು ಇನ್ನೊಂದು ತಟ್ಟೆಯ ಮೇಲೆ ಒತ್ತಿ ತೆಗೆದು, ಅಲ್ಲಿ ಏನೂ ಬೆಳೆಯಲಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಇಲ್ಲದಿದ್ದರೆ ಬೆಳೆದದ್ದು ಒಳಗಿನದೋ ಹೊರಗಿನದೋ ಹೇಳಲಾಗದು. ಈ ಒಂದು ಹೆಜ್ಜೆಯನ್ನು ಬಿಟ್ಟ ವಿದ್ಯಾರ್ಥಿ ವರದಿಗಳನ್ನು ನಾನು ಸಾಕಷ್ಟು ಓದಿದ್ದೇನೆ. ಅವುಗಳಲ್ಲಿ ಎಲ್ಲ ಗಿಡದೊಳಗೂ, ಹೊರಗೆ ಎಲ್ಲೆಲ್ಲೂ ಇರುವ ಕಪ್ಪು ಬೂಷ್ಟಾದ ಆಸ್ಪರ್ಜಿಲಸ್ಸೇ ವಾಸವಾಗಿರುತ್ತದೆ! ತಟ್ಟೆಯಲ್ಲಿ ಬೆಳೆಯದ ಶಿಲೀಂಧ್ರಗಳೂ ಇರುವುದರಿಂದ, ಪೂರ್ಣ ಲೆಕ್ಕಕ್ಕೆ ಡಿಎನ್‌ಎ ಪರೀಕ್ಷೆ ಬೇಕಾಗುತ್ತದೆ.

ಪ್ರಶ್ನೆಗಳಲ್ಲಿ ಮೊದಲನೆಯದು ಹಿರಿಯ ರೈತರೊಬ್ಬರದು. ಎಳೆ ಜೋಳವನ್ನೋ ಕೂಳೆ ಜೋಳವನ್ನೋ ಮೇಯ್ದ ದನ ನಿಂತ ನಿಲುವಿನಲ್ಲಿ ಬಿದ್ದು ಸಾಯುವುದೂ ಇಂಥ ಶಿಲೀಂಧ್ರದಿಂದಲೇ ಎಂದು ಅವರು ಕೇಳಿದರು. ಅಲ್ಲ. ಅದು ಜೋಳದ ಗಿಡವೇ ತಯಾರಿಸುವ ಧುರ್ರಿನ್ ಎಂಬ ವಸ್ತು ಒಡೆದು ಸೈನೈಡ್ ಆಗುವುದರಿಂದ ಬರುವ ಸಾವು. ನೀರಿಲ್ಲದೆ ಬಾಡಿದ ಎಳೆಯ ಪೈರಿನಲ್ಲಿ ಅದು ಹೆಚ್ಚು, ಬಲಿತ ಮೇಲೆ ಕಡಿಮೆ. ಸೈನೈಡ್ ನಿಮಿಷಗಳಲ್ಲಿ ಕೊಲ್ಲುತ್ತದೆ. ಒಳವಾಸಿ ಶಿಲೀಂಧ್ರದ ವಿಷ ವಾರಗಟ್ಟಲೆ ದನವನ್ನು ಸೊರಗಿಸುತ್ತದೆ. ಮಳೆಗೆ ನೆನೆದ ಬಣವೆಯಲ್ಲಿ ಹುಲ್ಲು ಬೂಷ್ಟು ಹಿಡಿಯುವುದು ಮೂರನೆಯ ವಿಷಯ; ಅದು ಕೊಯ್ದ ಮೇಲೆ ಹೊರಗಿನಿಂದ ಬಂದದ್ದು, ಅಂಥ ಹುಲ್ಲನ್ನು ಹಾಕಬಾರದು.

ಅಂಗಡಿಯಲ್ಲಿ ಸಿಗುವ ಟ್ರೈಕೋಡರ್ಮ ಎಂಬ ಶಿಲೀಂಧ್ರದ ಪುಡಿ ಒಳವಾಸಿಯೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದರು. ಅದನ್ನು ಮಾರುವುದು ಮುಖ್ಯವಾಗಿ ಮಣ್ಣಿನಲ್ಲಿ ಬೇರಿನ ಸುತ್ತ ರೋಗ ತಡೆಯಲು. ಕೆಲವು ತಳಿಗಳು ಬೇರಿನೊಳಗೂ ಸೇರಿ ನೆಲೆಸುತ್ತವೆ. ಹುಳುಗಳನ್ನು ಕೊಲ್ಲಲು ಸಿಂಪಡಿಸುವ ಬ್ಯುವೇರಿಯ ಎಂಬ ಶಿಲೀಂಧ್ರ ಕೂಡ ಮುಸುಕಿನ ಜೋಳದ ಒಳಗೆ ಸೇರಿ ಕಾಂಡಕೊರಕವನ್ನು ಕಡಿಮೆ ಮಾಡಬಲ್ಲದು ಎಂದು 1991ರಷ್ಟು ಹಿಂದೆಯೇ ಅಮೆರಿಕದಲ್ಲಿ ತೋರಿಸಿದ್ದರು. ಆದರೆ ಪುಡಿಯಲ್ಲಿರುವುದು ಜೀವಂತ ಬೀಜಕ. ಬಿಸಿಲಿಗೆ ಕಾದ ತಗಡಿನ ಮಳಿಗೆಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಪೊಟ್ಟಣದಲ್ಲಿ ಎಷ್ಟು ಉಳಿದಿರುತ್ತದೆ ಎಂಬ ಸಂಶಯ ಇಟ್ಟುಕೊಂಡೇ ಕೊಳ್ಳಬೇಕು. ತಯಾರಾದ ತಾರೀಖನ್ನು ನೋಡಬೇಕು.

ಕೊನೆಯ ಪ್ರಶ್ನೆ ಬಿತ್ತನೆ ಬೀಜಕ್ಕೆ ಶಿಲೀಂಧ್ರನಾಶಕ ಹಚ್ಚುವುದರ ಬಗ್ಗೆ: ಅದು ಒಳಗಿನ ಒಳ್ಳೆಯದನ್ನೂ ಕೊಲ್ಲುವುದಿಲ್ಲವೇ? ಗಿಡದೊಳಗೆ ಹರಡುವ ಬಗೆಯ ಔಷಧಗಳು ಕೊಲ್ಲಬಲ್ಲವು. ಫೆಸ್ಕ್ಯೂ ಬೀಜವನ್ನು ಶಿಲೀಂಧ್ರಮುಕ್ತ ಮಾಡಲು ಅವುಗಳನ್ನು ಪ್ರಯೋಗಗಳಲ್ಲಿ ಬಳಸಿದ್ದೂ ಉಂಟು. ಹಾಗೆಂದು ಬೆಂಕಿರೋಗ ಬರುವ ಹೊಲದ ರಾಗಿಗೆ ಬೀಜೋಪಚಾರ ಬೇಡ ಎಂದು ನಾನು ಹೇಳಲಾರೆ. ಕಣ್ಣಿಗೆ ಕಾಣುವ ರೋಗ ನಿಶ್ಚಿತ, ಒಳಗಿನ ಲಾಭ ಇನ್ನೂ ಪರೀಕ್ಷೆಯಾಗಬೇಕಾದದ್ದು. ಮನೆಯ ನಾಟಿ ಬೀಜವನ್ನು ಉಳಿಸಿಕೊಂಡಿರುವವರು ಅದರಲ್ಲಿ ಒಂದು ಪಾಲನ್ನಾದರೂ ಯಾವ ಔಷಧವನ್ನೂ ಹಚ್ಚದೆ, ತಂಪಾದ ಒಣ ಜಾಗದಲ್ಲಿಟ್ಟು, ಪ್ರತಿ ವರ್ಷ ಬಿತ್ತಿ ಹೊಸದು ಮಾಡಿಕೊಳ್ಳುವುದು ಒಳ್ಳೆಯದು. ಹಳೆಯ ಬೀಜ ಮೊಳೆತರೂ ಅದರೊಳಗಿನ ಜೀವ ಅಷ್ಟರಲ್ಲಿ ಹೋಗಿರಬಹುದು.